ಎರಡು ಸೊನ್ನೆ ಹೆಚ್ಚಾಗಿ ಬಂದ ದುಡ್ಡು

ಆನ್‌ಲೈನ್ ಅಂಗಡಿಗೆ ಏನು ಹೆಸರಿಡಬೇಕು, ಹುಣಸೆಹಣ್ಣಿಗೆ ಎಷ್ಟು ಬೆಲೆ ಹಾಕಬೇಕು ಎಂಬುದೆಲ್ಲ ಒಂದೇ ಸಭೆಯಲ್ಲಿ ತೀರ್ಮಾನವಾಗಿತ್ತು. ದುಡ್ಡನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದು ಮಾತ್ರ ಮೂರನೇ ಸಭೆಗೂ ಬಗೆಹರಿದಿರಲಿಲ್ಲ.

ಹನೂರಿನಿಂದ ಮೂರು ಮೈಲಿ ದೂರದ ಊರು. ಹನ್ನೊಂದು ಹೆಂಗಸರ ಸಂಘ. ಬೀಜ ಬಿಡಿಸಿ, ನಾರು ತೆಗೆದು, ಬಿಸಿಲಿಗೆ ಹಾಕಿದ ಹಣ್ಣನ್ನು ಇಷ್ಟು ವರ್ಷ ಕೊಳ್ಳೇಗಾಲದ ಮಂಡಿಯವರು ಹೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದರು. ನೇರವಾಗಿ ಊರೂರಿನ ಮನೆಗಳಿಗೆ ಮಾರೋಣ ಎಂದವಳು ರೂಪ. ಪಿಯುಸಿ ಓದಿ, ಕೊಳ್ಳೇಗಾಲದ ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಬಿಲ್ ಹಾಕಿದ್ದವಳು ಅವಳು. ಸಂಘದ ಅಧ್ಯಕ್ಷೆ ಗೋವಿಂದಮ್ಮನಿಗೆ ಐವತ್ತು ದಾಟಿತ್ತು. ಸಹಿ ಮಾಡುವಷ್ಟು ಅಕ್ಷರ ಬಿಟ್ಟರೆ ಬೇರೆ ಓದು ಬರುತ್ತಿರಲಿಲ್ಲ.

ಮೂರನೇ ಸಭೆ ಗೋವಿಂದಮ್ಮನ ಜಗಲಿಯ ಮೇಲೆ ನಡೆಯಿತು. ರೂಪ ಇನ್ನೊಮ್ಮೆ ಮೊದಲಿನಿಂದ ಹೇಳಿದಳು.

"ಸಾಮಾನು ಮನೆಗೆ ಮುಟ್ದ ಮ್ಯಾಲೆ ದುಡ್ಡು ಕೊಡಿ ಅಂದ್ರೆ ಜನ ಧೈರ್ಯವಾಗಿ ತಕತಾರೆ. ಆದ್ರೆ ಬಾಗ್ಲಿಗೋದಾಗ ಬ್ಯಾಡ ಅಂದ್ಬುಟ್ರೆ ಓಗೋ ಖರ್ಚು, ಬರೋ ಖರ್ಚು ಎರಡೂ ನಮ್ ತಲೆ ಮ್ಯಾಲೆ. ಇನ್ನೊಂದು, ದುಡ್ಡು ವಸೂಲಿ ಮಾಡಿ ಕೊಡೋಕೇ ಕಂಪನಿಗಳವೆ. ಅವು ನೂರಕ್ಕೆ ಎಲ್ಡ್ ರೂಪಾಯಿ ಇಡ್ಕಂಡು ಸಂಘದ ಖಾತೆಗೆ ಆಕ್ತವೆ. ಅದ್ಕೆ ಸಂಘದ ಕಾಗದ ಎಲ್ಲಾ ಬೇಕು, ತಿಂಗ್ಳಾಯ್ತದೆ. ಮೂರ್ನೇದು, ನನ್ ಫೋನ್ ನಂಬರ್ ಹಾಕೋದು. ಇವತ್ತೇ ಸುರು ಮಾಡ್ಬೋದು, ಖರ್ಚಿಲ್ಲ."

"ಸಂಘದ ದುಡ್ಡು ಒಬ್ಬಳ ಖಾತೆಗೆ ಬೀಳೋದು ನಂಗೆ ಸರಿ ಕಾಣಾಕಿಲ್ಲ ಕಣಮ್ಮಿ," ಎಂದಳು ಗೋವಿಂದಮ್ಮ. "ನಿನ್ ಮ್ಯಾಲೆ ಅನುಮಾನ ಅಂತಲ್ಲ."

"ಅನುಮಾನ ಅಲ್ದಿದ್ರೆ ಇನ್ನೇನಕ್ಕ ಅದು?"

ಯುಗಾದಿಗೆ ಇನ್ನು ಮೂರೇ ವಾರ ಇದ್ದವು. ಕಾಗದ ಬರುವ ತನಕ ರೂಪಳ ನಂಬರೇ ಇರಲಿ ಎಂದು ಸಂಘದ ಇನ್ನೊಬ್ಬಳು, ಚಿಕ್ಕನಿಂಗಮ್ಮ, ಪಟ್ಟು ಹಿಡಿದಳು. ಉಳಿದವರು ಹೂಂ ಅಂದರು. ಗೋವಿಂದಮ್ಮ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅವತ್ತಿನಿಂದ ಅವಳು ರೂಪಳ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಅಂಗಡಿ ತೆರೆದ ಒಂಬತ್ತನೇ ದಿನ ಶುಕ್ರವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರೂಪ ಪೊಟ್ಟಣಗಳಿಗೆ ವಿಳಾಸ ಅಂಟಿಸುತ್ತಿದ್ದಾಗ ಎರಡು ಕೆ.ಜಿ. ಹುಣಸೆಹಣ್ಣಿಗೆ ಆರ್ಡರ್ ಬಂತು. ನಾನೂರ ತೊಂಬತ್ತು ರೂಪಾಯಿ. ಹಿಂದೆಯೇ ದುಡ್ಡು ಬಂದ ಸದ್ದಾಯಿತು. ಫೋನು ನೋಡಿದಳು. ನಲವತ್ತೊಂಬತ್ತು ಸಾವಿರ.

ತಪ್ಪು ಓದಿದೆನೇನೋ ಎಂದು ಬೆರಳಿಟ್ಟು ಸೊನ್ನೆ ಎಣಿಸಿದಳು. ಕಳಿಸಿದವರ ಹೆಸರು ಕಲ್ಲವ್ವ ಎಂದಿತ್ತು. ಎರಡನೇ ಸಲ ಎಣಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಮೇಡಂ, ಹುಣಸೆಹಣ್ಣು ಆರ್ಡರ್ ಮಾಡಿದ್ದೆ," ಎಂದಿತು ಒಂದು ಗಂಡು ದನಿ. ಮೆತ್ತಗಿತ್ತು, ಸ್ವಲ್ಪ ನಡುಗುತ್ತಿತ್ತು. "ಗಾಬರಿಯಲ್ಲಿ ಎರಡು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ. ಅಮ್ಮನ ಆಪರೇಷನ್‌ಗೆ ಇಟ್ಟಿದ್ದ ದುಡ್ಡು ಅದು. ದಯವಿಟ್ಟು ವಾಪಸ್ ಹಾಕಿ."

"ಅಯ್ಯೋ, ಹಾಕ್ತೀನಿ ಸಾ. ಬಂದಿರೋ ನಂಬರ್‌ಗೇ ಈಗ್ಲೇ ಹಾಕ್ತೀನಿ."

"ಅದಕ್ಕೆ ಬೇಡ ಮೇಡಂ. ಅದು ಅಮ್ಮನ ಅಕೌಂಟ್, ಇವತ್ತು ಅದರಿಂದ ಮತ್ತೆ ತೆಗೆಯೋಕಾಗಲ್ಲ. ಆಸ್ಪತ್ರೆಯಲ್ಲಿ ಸಂಜೆ ಐದರ ಒಳಗೆ ಕಟ್ಟಬೇಕು. ಬೇರೆ ನಂಬರ್ ಕಳಿಸ್ತೀನಿ, ಅದಕ್ಕೆ ಹಾಕಿ."

ನಂಬರು ಬಂತು. ರೂಪ ಯಾಕೋ ತಕ್ಷಣ ಹಾಕಲಿಲ್ಲ. ಹತ್ತು ನಿಮಿಷಕ್ಕೆ ಅವನು ಮತ್ತೆ ಕರೆ ಮಾಡಿದ. ಆಮೇಲೆ ಐದು ನಿಮಿಷಕ್ಕೆ ಇನ್ನೊಂದು.

ಗೂಡ್ಸ್ ಆಟೋ ಓಡಿಸುವ ಅವಳ ಗಂಡ ಶಾಂತರಾಜು ಊಟಕ್ಕೆ ಬಂದಾಗ ಎಲ್ಲವನ್ನೂ ಹೇಳಿದಳು. ಅವನು ಕೈ ತೊಳೆದವನು ಊಟಕ್ಕೆ ಕೂರಲೇ ಇಲ್ಲ.

"ಇನ್ನೂ ಹಾಕಿಲ್ವಾ ನೀನು? ನಮ್ಮಪ್ಪನ್ನ ಆಸ್ಪತ್ರೆ ಬಾಗ್ಲಲ್ಲಿ ಮಲಗುಸ್ಕಂಡು, ದುಡ್ಡು ಕಟ್ಟಿ ಬಾ ಅಂತ ನನ್ನ ಓಡಾಡ್ಸಿದ್ದು ಮರ್ತೋಯ್ತಾ? ಇನ್ನೊಬ್ರ ದುಡ್ಡು ನಮಗ್ಯಾಕೆ, ಹಾಕ್ಬುಡು."

"ಬಂದಿರೋ ಕಡೆಗೆ ಬ್ಯಾಡ ಅಂತಾನಲ್ಲ, ಅದ್ಕೇ..."

"ಕಷ್ಟದಲ್ಲಿರೋನಿಗೆ ನೂರೆಂಟು ಇರ್ತವೆ."

ಅಷ್ಟರಲ್ಲಿ ಮತ್ತೆ ಕರೆ ಬಂತು. ಈ ಸಲ ಹೆಂಗಸೊಬ್ಬಳು. ಮಾತೇ ಇಲ್ಲ, ಬರೀ ಅಳು. ನಡುನಡುವೆ "ನಮ್ಮತ್ತೆ ಉಳಿಯಲ್ಲ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ," ಎನ್ನುತ್ತಿದ್ದಳು. ಶಾಂತರಾಜು ಹೆಂಡತಿಯ ಮುಖವನ್ನೇ ನೋಡುತ್ತ ನಿಂತಿದ್ದ. ರೂಪ "ಅಳ್ಬೇಡಿ, ಹಾಕ್ತೀನಿ," ಎಂದು ಫೋನಿಟ್ಟು, ಆ ನಂಬರು ಒತ್ತಿ, ಮೊತ್ತ ಹಾಕಿ, ಪಿನ್ನಿನ ಮೂರು ಅಂಕಿ ಒತ್ತಿದಳು.

ಒಂದೇ ಅಂಕಿ ಉಳಿದಿತ್ತು. ದುಡ್ಡು ಹೋಗಬೇಕಾದವನ ಹೆಸರು ಪರದೆಯ ಮೇಲಿತ್ತು. ಆಸ್ಪತ್ರೆಯ ಹೆಸರಲ್ಲ, ಕಲ್ಲವ್ವ ಎಂದೂ ಅಲ್ಲ. ಯಾವುದೋ ಬೇರೆ ಸೀಮೆಯ ಗಂಡಸಿನ ಹೆಸರು. ರೂಪಳ ಬೆರಳು ನಿಂತಿತು. ಈ ಹೆಸರಿಗೂ ಆ ಕಲ್ಲವ್ವನಿಗೂ ಏನು ಸಂಬಂಧ? ನಾಳೆ ಆ ಕಲ್ಲವ್ವನೇ ಬಂದು ನನ್ನ ದುಡ್ಡೆಲ್ಲಿ ಎಂದರೆ ಏನು ಹೇಳುವುದು? ಹಾಕದೇ ಹೋಗಿ, ಅಲ್ಲಿ ನಿಜವಾಗಿಯೂ ಒಬ್ಬಳು ಸತ್ತುಹೋದರೆ?

ಅವಳು ಒತ್ತಿದ್ದನ್ನೆಲ್ಲ ಅಳಿಸಿ ಎದ್ದಳು.

"ಎಲ್ಗೋಯ್ತಾ ಇದ್ದೀಯ?" ಎಂದ ಶಾಂತರಾಜು.

"ಗೋವಿಂದಕ್ಕನ ಮನೆಗೆ."

ನಾಲ್ಕು ಮನೆ ದಾಟುವುದು ಅವಳಿಗೆ ಅವತ್ತು ನಾಲ್ಕು ಮೈಲಿಯಾಯಿತು. ಒಬ್ಬಳ ಖಾತೆಗೆ ದುಡ್ಡು ಬೀಳಬಾರದು ಎಂದವಳ ಮುಂದೆಯೇ ಹೋಗಿ, ನನ್ನ ಖಾತೆಗೆ ನಲವತ್ತೊಂಬತ್ತು ಸಾವಿರ ಬಿದ್ದಿದೆ ಎನ್ನಬೇಕು. ಹೇಳದೆ ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ.

ಗೋವಿಂದಮ್ಮ ಮನೆಯ ಹಿಂದೆ ಹುಣಸೆ ಬೀಜ ಬಿಡಿಸುತ್ತಿದ್ದಳು. ರೂಪ ನಿಂತಲ್ಲೇ ಎಲ್ಲವನ್ನೂ ಒದರಿದಳು. ಗೋವಿಂದಮ್ಮ ಮಧ್ಯೆ ಬಾಯಿ ಹಾಕದೆ ಕೇಳಿ, ಫೋನನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದಳು.

"ಬಂದಿದ್ದು ಒಬ್ಬರ ಹೆಸರಿಂದ, ಓಗ್ಬೇಕಾದ್ದು ಇನ್ನೊಬ್ಬರ ಹೆಸರಿಗೆ. ಅಂಗೇನಾ?"

"ಊಂ ಕಣಕ್ಕ."

"ಬಂದ ದಾರೀಲೇ ಓಗ್ಲಿ ಬುಡು. ನಿನ್ ಖಾತೆ ಇರೋ ಬ್ಯಾಂಕ್ ಎಲ್ಲದೆ?"

"ಕೊಳ್ಳೇಗಾಲದಲ್ಲಿ. ನಾಲ್ಕು ಗಂಟೆಗೆ ಮುಚ್ತಾರೆ. ನಾಳೆ ಎರಡ್ನೇ ಶನಿವಾರ, ನಾಡಿದ್ದು ಭಾನುವಾರ."

ಗೋವಿಂದಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ನಡಿ ಮತ್ತೆ."

ಬಾಡಿಗೆಗೆ ಹೋಗಬೇಕಿದ್ದ ಶಾಂತರಾಜು ಬೇಸರದಲ್ಲೇ ಹನೂರಿನವರೆಗೆ ಆಟೋದಲ್ಲಿ ಬಿಟ್ಟ. ಮಾದಪ್ಪನ ಬೆಟ್ಟದಿಂದ ಬಂದ ಬಸ್ಸು ಕಿಕ್ಕಿರಿದಿತ್ತು. ಇಬ್ಬರೂ ಬಾಗಿಲ ಹತ್ತಿರ ಜೋತುಕೊಂಡೇ ನಿಂತರು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕಾಮಗೆರೆ ದಾಟಿದ ಮೇಲೆ ರೂಪ ಎತ್ತಿದಳು.

"ಬ್ಯಾಂಕ್‌ಗೆ ಹೋಗ್ತಾ ಇದ್ದೀನಿ ಸಾ. ಅಲ್ಲಿಂದ್ಲೇ ವಾಪಸ್ ಹಾಕಿಸ್ತೀನಿ."

ಆ ಕಡೆಯ ಮೆತ್ತನೆಯ ದನಿ ಮಾಯವಾಯಿತು. "ಬ್ಯಾಂಕ್ ಯಾಕೆ? ಕದ್ದ ದುಡ್ಡು ಇಟ್ಕೊಂಡು ನಾಟಕ ಆಡ್ತೀಯಾ? ನಿನ್ನ ಫೋಟೋ, ಅಂಗಡಿ ಹೆಸರು ಎಲ್ಲಾ ಹಾಕಿ ಕಳ್ಳಿ ಅಂತ ಹಂಚ್ತೀನಿ. ಅರ್ಧ ಗಂಟೆಯಲ್ಲಿ ಪೊಲೀಸರು ನಿನ್ನ ಮನೆ ಮುಂದೆ ಇರ್ತಾರೆ. ಅಮ್ಮನಿಗೆ ಏನಾದ್ರೂ ಆದ್ರೆ ಅದೂ ನಿನ್ನ ತಲೆ ಮೇಲೇ."

ಗೋವಿಂದಮ್ಮ ಫೋನು ಕಿತ್ತುಕೊಂಡಳು.

"ಯಾವಾಸ್ಪತ್ರೆ ಹೇಳಪ್ಪ. ಬೆಂಗ್ಳೂರಾದ್ರೂ ಸರಿ, ನಾನೇ ಬಸ್ಸತ್ತಿ ಬತ್ತೀನಿ. ನಿಮ್ಮವ್ವನ ಮಂಚದ ತಾವ್ಲೇ ನಿಂತ್ಕಂಡು ಕಟ್ತೀನಿ."

ಕರೆ ಕಡಿಯಿತು. ಆದರೆ ಅದರಿಂದ ಇಬ್ಬರಿಗೂ ಸಮಾಧಾನವಾಗಲಿಲ್ಲ. ಸಿಟ್ಟಿನಲ್ಲಿಯೂ ಜನ ಕರೆ ಕಡಿಯುತ್ತಾರೆ. ಕಷ್ಟದಲ್ಲಿರುವವರೂ ಬೈಯುತ್ತಾರೆ.

ಮಧುವನಹಳ್ಳಿಯ ಹತ್ತಿರ ಬಸ್ಸು ನಿಂತುಬಿಟ್ಟಿತು. ಕಬ್ಬಿನ ಟ್ರಾಕ್ಟರಿನ ಟ್ರೈಲರು ರಸ್ತೆಗೆ ಅಡ್ಡ ಮಗುಚಿಕೊಂಡಿತ್ತು. ಮೂರು ಗಂಟೆ ಹತ್ತು ನಿಮಿಷ. ಹತ್ತು ನಿಮಿಷ ಕಾದು ಇಬ್ಬರೂ ಇಳಿದರು. ಕಬ್ಬಿನ ಜಲ್ಲೆ ದಾಟಿಕೊಂಡು ಆ ಬದಿಗೆ ನಡೆದರು. ಅಲ್ಲಿ ಸಿಕ್ಕ ಆಟೋದವನು ನೂರೈವತ್ತು ಕೇಳಿದ. ಗೋವಿಂದಮ್ಮ ಚೌಕಾಸಿ ಮಾಡದೆ ಹತ್ತಿದ್ದನ್ನು ರೂಪ ನೋಡಿದ್ದು ಅದೇ ಮೊದಲ ಸಲ.

ಬ್ಯಾಂಕಿನ ಕಾವಲಿನವನು ಆಗಲೇ ಬಾಗಿಲನ್ನು ಅರ್ಧ ಎಳೆದಿದ್ದ. ಒಳಗೆ ರುದ್ರಸ್ವಾಮಿ ಎಂಬ ಅಧಿಕಾರಿ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. ಫೋನು ತೆಗೆದುಕೊಂಡು, ಬಂದ ದುಡ್ಡಿನ ವಿವರವನ್ನೂ ಅವನು ಕಳಿಸಿದ ನಂಬರನ್ನೂ ನೋಡಿದರು.

"ನೀವು ಆ ನಂಬರಿಗೆ ಏನೂ ಹಾಕಿಲ್ಲ ತಾನೇ?"

"ಇಲ್ಲ ಸಾ."

"ಒಂದು ರೂಪಾಯಿ?"

"ಇಲ್ಲ ಸಾ. ಒಂದಂಕಿ ಬಾಕಿ ಇತ್ತು, ನಿಲ್ಸುಬುಟ್ಟೆ."

ಅವರು ಉಸಿರು ಬಿಟ್ಟರು. "ಇಂಥದ್ದು ತುಂಬಾ ನಡೀತಿದೆ. ಯಾರದೋ ಖಾತೆಯಿಂದ ಕದ್ದ ದುಡ್ಡನ್ನ ಮೊದಲು ನಿಮ್ಮಂಥವರ ಖಾತೆಗೆ ಹಾಕ್ತಾರೆ. ನಿಮ್ಮ ಕೈಯಿಂದಲೇ ತಮ್ಮ ಖಾತೆಗೆ ಹಾಕಿಸ್ಕೋತಾರೆ. ಆಮೇಲೆ ಕದ್ದವರ ಪಟ್ಟಿಯಲ್ಲಿ ನಿಮ್ಮ ಹೆಸರು ಇರುತ್ತೆ."

"ನಿಜವಾಗ್ಲೂ ಆಸ್ಪತ್ರೇಲಿದ್ರೆ ಸಾ?" ಎಂದಳು ರೂಪ. ಬೆಳಗಿನಿಂದ ಅವಳನ್ನು ಕೊರೆಯುತ್ತಿದ್ದದ್ದು ಅದೊಂದೇ.

"ಇರಬಹುದು. ಇಲ್ಲ ಅಂತ ನಾನು ಹೇಳಲಾರೆ. ದುಡ್ಡು ಬಂದಿರೋ ಬ್ಯಾಂಕಿಗೆ ಈಗಲೇ ತಿಳಿಸ್ತೀನಿ. ನಿಜವಾಗಿದ್ರೂ ಸುಳ್ಳಾಗಿದ್ರೂ ಅದು ಬಂದ ಖಾತೆಗೇ ಹೋಗಬೇಕು. ಒಂದು ಅರ್ಜಿ ಬರೀರಿ. ಸೈಬರ್ ಪೊಲೀಸರಿಗೂ ಇಲ್ಲಿಂದಲೇ ಫೋನ್ ಮಾಡಿ. ವಿಚಾರಣೆ ಮುಗಿಯೋ ತನಕ ನಿಮ್ಮ ಖಾತೆಯಿಂದ ದುಡ್ಡು ತೆಗೆಯೋಕಾಗಲ್ಲ, ಅದಕ್ಕೆ ತಯಾರಿರಿ."

ರೂಪ ಅರ್ಜಿ ಬರೆದಳು. ಸಾಕ್ಷಿ ಎಂದು ಗೋವಿಂದಮ್ಮ ತನ್ನ ಹೆಸರಿನ ನಾಲ್ಕಕ್ಷರವನ್ನು ನಿಧಾನವಾಗಿ ಕೊರೆದಳು.

ಶನಿವಾರ, ಭಾನುವಾರ ರೂಪಳಿಗೆ ಅನ್ನ ಸೇರಲಿಲ್ಲ. ಅವನಿಂದ ಕರೆ ಬರಲಿಲ್ಲ. ಬರದಿದ್ದದ್ದೇ ಹೆದರಿಕೆ ಹುಟ್ಟಿಸಿತು. ಭಾನುವಾರ ಸಂಜೆ ಚಿಕ್ಕನಿಂಗಮ್ಮ ಬಂದು ಬಾಗಿಲಲ್ಲೇ ನಿಂತಳು. "ಒಂಬತ್ತು ದಿನ ಮಾರಿದ್ದ ನಮ್ ದುಡ್ಡೂ ಅದ್ರೊಳ್ಗೇ ಸಿಕ್ಕಾಕ್ಕಂಡದಂತೆ? ಅಂಗಾದ್ರೆ ನಿನ್ ನಂಬರ್ ಯಾಕಮ್ಮಿ ಹಾಕ್ದೆ?"

ನೀನೇ ಅಲ್ಲವೇ ಪಟ್ಟು ಹಿಡಿದದ್ದು ಎಂಬ ಮಾತು ರೂಪಳ ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಬೀದಿಯಿಂದ ಗೋವಿಂದಮ್ಮನ ದನಿ ಕೇಳಿಸಿತು.

"ಅವ್ಳ ಕೇಳ್ಬ್ಯಾಡ, ನನ್ನ ಕೇಳು. ಬ್ಯಾಂಕ್‌ನಲ್ಲಿ ರುಜು ಆಕಿರೋಳು ನಾನೂವೆ."

ಮಂಗಳವಾರ ಮಧ್ಯಾಹ್ನ ರುದ್ರಸ್ವಾಮಿಯವರ ಕರೆ ಬಂತು. ಕಲ್ಲವ್ವ ಹಾವೇರಿ ಕಡೆಯ ಒಬ್ಬ ಮುದುಕಿ. ಯಾವ ಆಸ್ಪತ್ರೆಯಲ್ಲೂ ಇಲ್ಲ, ಆಕೆಗೆ ಮಗನೂ ಇಲ್ಲ. ಪಿಂಚಣಿ ಆಫೀಸಿನವರು ಎಂದು ಹೇಳಿಕೊಂಡ ಯಾರೋ ಶುಕ್ರವಾರ ಬೆಳಿಗ್ಗೆ ಆಕೆಯ ಖಾತೆಯನ್ನು ಬರಿದು ಮಾಡಿದ್ದರು. ಒಟ್ಟು ಎರಡು ಲಕ್ಷದ ಮೇಲೆ ಹೋಗಿತ್ತು. ಐದು ಖಾತೆಗಳಿಗೆ ಹಂಚಿಹೋಗಿದ್ದರಲ್ಲಿ ಹಾಗೇ ಉಳಿದಿದ್ದದ್ದು ರೂಪಳ ಖಾತೆಯಲ್ಲಿದ್ದದ್ದು ಮಾತ್ರ.

ರೂಪ ಶಾಂತರಾಜುವಿಗೆ ಹೇಳಿದಾಗ ಅವನು "ನಾನಾಗಿದ್ರೆ ಹಾಕ್ಬುಡ್ತಿದ್ದೆ ಕಣೆ," ಎಂದ.

"ನಾನೂ ಹಾಕ್ತಿದ್ದೆ."

ದುಡ್ಡು ಹಿಂದಕ್ಕೆ ಹೋಗಲು, ಅವಳ ಖಾತೆ ಬಿಡುಗಡೆಯಾಗಲು ಇನ್ನೂ ಹನ್ನೆರಡು ದಿನ ಹಿಡಿಯಿತು. ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗ ರೂಪ ಹೆದರಿಯೇ ಎತ್ತಿದಳು. "ನಾ ಕಲ್ಲವ್ವ ಅದೀನಿ ತಂಗಿ," ಎಂದಿತು ಮುದಿ ದನಿ. "ಪೊಲೀಸ್ನವ್ರ ಕಡಿಂದ ನಿನ್ನ ನಂಬರ ಇಸ್ಕೊಂಡೆ. ಉಳಿದದ್ದು ಬರ್ತದೋ ಇಲ್ಲೋ ದೇವರೇ ಬಲ್ಲ. ನೀ ಕೊಟ್ಟದ್ದು ಬಂತು ನೋಡವ್ವಾ."

ಅಷ್ಟರಲ್ಲಿ ಯುಗಾದಿ ಕಳೆದುಹೋಗಿತ್ತು. ಅಂಗಡಿಯ ಪುಟವನ್ನು ರೂಪ ಆ ಶುಕ್ರವಾರವೇ ಮುಚ್ಚಿದ್ದಳು. ಹಬ್ಬಕ್ಕೆಂದು ಕಟ್ಟಿಟ್ಟಿದ್ದ ಪೊಟ್ಟಣಗಳಲ್ಲಿ ಮುಕ್ಕಾಲು ಪಾಲು ಮತ್ತೆ ಮಂಡಿಗೇ ಹೋದವು, ಅವರು ಹೇಳಿದ ಬೆಲೆಗೇ. ಅದರ ಸಂಕಟ ಹನ್ನೊಂದು ಜನಕ್ಕೂ ಇತ್ತು.

ನಾಲ್ಕನೇ ಸಭೆಯಲ್ಲಿ ಹೆಚ್ಚು ಮಾತು ನಡೆಯಲಿಲ್ಲ. ವಸೂಲಿ ಕಂಪನಿಯೇ ಆಗಲಿ, ದುಡ್ಡು ಸಂಘದ ಖಾತೆಗೇ ಬೀಳಲಿ, ಅಲ್ಲಿಂದ ತೆಗೆಯಲು ಇಬ್ಬರ ಸಹಿ ಇರಲಿ ಎಂದು ಬರೆದುಕೊಂಡರು. ಆ ದಾರಿಯಲ್ಲಿ ಯಾರಾದರೂ ಹೆಚ್ಚು ಕಟ್ಟಿದರೆ, ಅಥವಾ ಸಾಮಾನು ಬೇಡ ಎಂದರೆ, ಕಂಪನಿಯವರು ದುಡ್ಡನ್ನು ಅದು ಬಂದ ಖಾತೆಗೇ ಮರಳಿಸುತ್ತಾರೆ ಎಂದು ರೂಪ ವಿವರಿಸಿದಳು. ಈ ಸಲ ಎಲ್ಲರೂ ಕೊನೆಯವರೆಗೂ ಕೂತು ಕೇಳಿಸಿಕೊಂಡರು.

ಕಂಪನಿಯವರು ಕಾಗದವನ್ನು ಎರಡು ಸಲ ವಾಪಸು ಕಳಿಸಿದರು. ಒಂದರಲ್ಲಿ ಸಂಘದ ಹೆಸರಿನ ಕಾಗುಣಿತ ತಪ್ಪಿತ್ತು, ಇನ್ನೊಂದರಲ್ಲಿ ಗೋವಿಂದಮ್ಮನ ಸಹಿ ಹಳೆಯದಕ್ಕೆ ಹೊಂದುತ್ತಿರಲಿಲ್ಲ. ಮೂರನೇ ಸಲ ಒಪ್ಪಿದರು. ವೈಶಾಖದ ಒಂದು ಬುಧವಾರ ಅಂಗಡಿ ಮತ್ತೆ ತೆರೆಯಿತು. ಮೊದಲ ದಿನ ನಾಲ್ಕು ಆರ್ಡರ್, ಎರಡನೇ ದಿನ ಒಂದೂ ಇಲ್ಲ, ಮೂರನೇ ದಿನ ಏಳು.

ದುಡ್ಡು ಖಾತೆಗೆ ಬರಲು ಎರಡು ದಿನ ಹಿಡಿಯುತ್ತಿತ್ತು, ನೂರಕ್ಕೆ ಎರಡು ರೂಪಾಯಿ ಕಡಿಮೆಯೂ ಆಗುತ್ತಿತ್ತು. ಅದಕ್ಕೆ ಯಾರೂ ಗೊಣಗಲಿಲ್ಲ, ಚಿಕ್ಕನಿಂಗಮ್ಮ ಒಬ್ಬಳನ್ನು ಬಿಟ್ಟು.