ಅವನೋ, ಅವರೋ

ನಾನು ಕೋರ್ಟಿನ ಬೆರಳಚ್ಚುಗಾರ್ತಿ. ಜನ ಬಾಯಿಗೆ ಬಂದಂತೆ ಆಡುವ ಮಾತನ್ನು ತಿದ್ದಿ ತೀಡಿ ಮರ್ಯಾದೆಯ ಭಾಷೆಗೆ ತರುವುದು ನನ್ನ ಕೆಲಸ. ಯಾರು ಯಾರನ್ನು ‘ಅವನು’ ಎಂದರೂ ನನ್ನ ಹಾಳೆಯಲ್ಲಿ ಅದು ‘ಅವರು’. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ತಕರಾರು ಎತ್ತಿಲ್ಲ.

ಆ ದಿನ ಕಟಕಟೆಯಲ್ಲಿದ್ದವನು ಲಿಫ್ಟ್ ಮೆಕ್ಯಾನಿಕ್. ಜಗಳದ ಸಿಟ್ಟಿನಲ್ಲಿ ಜೊತೆ ಕೆಲಸದವನನ್ನು ಲಿಫ್ಟ್ ಓಡಾಡುವ ಆಳದ ಗುಂಡಿಗೆ ತಳ್ಳಿ ಕೊಂದನೆಂಬ ಆರೋಪ. ಎಳೆದಾಟದಲ್ಲಿ ಇವನ ತಲೆಗೂ ಪೆಟ್ಟು ಬಿದ್ದು ಮೂರು ವರ್ಷದ ನೆನಪು ಅಳಿಸಿಹೋಗಿತ್ತು. ಸತ್ತವನ ಪರಿಚಯವೂ ಆ ಮೂರು ವರ್ಷದ್ದೇ. ನೆನಪಿಲ್ಲದವನ ಮೇಲೆ ಕೇಸು ನಡೆಸಬೇಕೇ ಎಂಬುದಷ್ಟೇ ಅಂದಿನ ಪ್ರಶ್ನೆ. ಬೇಡ ಎಂದಾದರೆ ಸಂಜೆಗೆ ಮನೆಗೆ ಹೋಗುತ್ತಾನೆ. ಮುಂದಿನ ಬೆಂಚಿನಲ್ಲಿ ಸತ್ತವನ ತಾಯಿ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು. ಅವರು ಯಾರೆಂದು ಅವನ ವಕೀಲ ಬೆಳಿಗ್ಗೆಯೇ ಅವನಿಗೆ ತೋರಿಸಿ ಹೇಳಿದ್ದ. ನನಗಂತೂ ಅವನ ಮೇಲೆ ಕನಿಕರವಿರಲಿಲ್ಲ. ಮರೆತೆ ಎಂದುಬಿಟ್ಟರೆ ಮುಗಿಯಿತೇ?

“ಸತ್ತವರ ಫೋಟೋ ನೋಡಿದೀನಿ ಸ್ವಾಮಿ. ಅವರು ಯಾರು ಅಂತ ಗೊತ್ತಾಗ್ಲಿಲ್ಲ” ಎಂದ. ಒಂದು ಗಂಟೆ ಅವನ ಬಾಯಲ್ಲೇ ಬರೀ ಅವರು, ಅವರು.

“ಇನ್ನೇನಾದ್ರೂ ಹೇಳೋದಿದೆಯಾ?” ನ್ಯಾಯಾಧೀಶರು ಕೇಳಿದರು.

“ಅವನ ಅಮ್ಮ ಬೆಳಿಗ್ಗೆಯಿಂದ ಹಾಗೇ ಕೂತಿದಾರೆ. ಸ್ವಲ್ಪ ನೀರು ಕೊಡ್ಸಿ.”

ನನ್ನ ಬೆರಳು ರೂಢಿಯಂತೆ ‘ಅವರ’ ಎಂದು ಒತ್ತಿ ನಿಂತುಬಿಟ್ಟಿತು. ಬೇರೆ ಯಾರೂ ಗಮನಿಸಿರಲಿಲ್ಲ. ಗುರುತೇ ಇಲ್ಲದವನನ್ನು ಯಾರು ಹೀಗೆ ಸಲಿಗೆಯಿಂದ ಕರೆಯುತ್ತಾರೆ? ಒಂದು ಅಕ್ಷರ ಬದಲಿಸಿದರೆ ಅವನಿಗೆ ಜೈಲಾಗಬಹುದು, ಬದಲಿಸದಿದ್ದರೆ ಆ ತಾಯಿಯ ಎದುರೇ ಸುಳ್ಳು ಬರೆದ ಹಾಗೆ. ಆದದ್ದಾಗಲಿ ಎಂದು ಅಳಿಸಿ ‘ಅವನ’ ಎಂದು ಹೊಡೆದೆ.

ಹೇಳಿಕೆಯನ್ನು ಓದಿ ಹೇಳಿದಾಗ ಅವನ ವಕೀಲ ಎಗರಿಬಿದ್ದ. “ಟೈಪಿಂಗ್ ತಪ್ಪು ಸ್ವಾಮಿ. ‘ಅವರ’ ಅಂತ ಆಗ್ಬೇಕು.”

“ತಪ್ಪಾಗಿದೆಯೇನಮ್ಮ?” ನ್ಯಾಯಾಧೀಶರು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ.

“ಮೇಡಂ ಬರ್ದಿದ್ದು ಸರಿ” ಎಂದ ಮೆಕ್ಯಾನಿಕ್. “ಹಾಗೇ ಅಂದೆ. ಯಾಕಂದೆ ಗೊತ್ತಿಲ್ಲ. ಮುಖ ಈಗ್ಲೂ ನೆನಪಿಗೆ ಬರಲ್ಲ. ಬಾಯಿಗೆ ಅವನು ಗೊತ್ತು ಅಂದ್ಮೇಲೆ, ತಳ್ಳಿದ್ರೆ ಅದು ಕೈಗೂ ಗೊತ್ತಿರ್ಬೇಕಲ್ವಾ. ಕೇಸು ನಡೀಲಿ.”

ವಕೀಲ ತಲೆಯ ಮೇಲೆ ಕೈ ಹೊತ್ತು ಕುಳಿತ. ತಾಯಿ ಎದ್ದು ನಿಂತರು.

“ಮೂರು ವರ್ಷ ನನ್ನ ಕೈಯಡುಗೆ ಉಂಡಿದೀಯ. ನನ್ನನ್ನೂ ಅಮ್ಮ ಅಂತಿದ್ದೆ. ನಿಂಗೆ ಶಿಕ್ಷೆ ಆಗ್ಲೇಬೇಕು. ಆದ್ರೆ ಮೊದ್ಲು, ಯಾರನ್ನ ಕೊಂದೆ ಅಂತ ನಿಂಗೆ ಗೊತ್ತಾಗ್ಲಿ.”

ಅವನು ಕಟಕಟೆಯ ಕಂಬಿ ಬಿಗಿಯಾಗಿ ಹಿಡಿದುಕೊಂಡ.

“ಹೇಳಮ್ಮ” ಎಂದ.