ಟೆಂಪರ್ ಬಂದಾಗ

“ಕೋಪ ಅನ್ಬೇಡ, ಟೆಂಪರ್ ಅನ್ನು,” ಎಂದ ರಮೇಶ್‌ಬಾಬು. “ಎಲ್ಲಿ, ಇನ್ನೊಂದ್ ಸಲ ಹೇಳು ನೋಡಣ.”

ತನುಜ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. “ಅಣ್ಣಂಗೆ ಟೆಂಪರ್ ಬಂತು. ಅತ್ತಿಗೇನ ತಳ್ಳಿದ. ಅತ್ತಿಗೆ ಕಾಲು ಜಾರಿ, ಕೈ ಬಾಣಲೆಗೆ ಬಿತ್ತು.”

“ಹಂಗೆ ಮಗ್ಗಿ ಒಪ್ಪಿಸ್ದಂಗೆ ಹೇಳ್ಬೇಡ್ವೇ. ಮಧ್ಯ ಸ್ವಲ್ಪ ಅಳು.”

ರಮೇಶ್‌ಬಾಬು ಮನೆಗೆ ಹಿರಿಮಗ. ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಬೆಳಗಿನ ಮೊದಲ ಬಸ್ಸಿಗೆ ಮೇಲೂರಿಗೆ ಬಂದಿಳಿದವನು ಇನ್ನೂ ಕಾಫಿ ಕೂಡ ಕುಡಿದಿರಲಿಲ್ಲ. ಮೂರು ದಿನದ ಹಿಂದೆ, ಮನೆಯ ಹಿತ್ತಲಿನ ರೇಷ್ಮೆ ಶೆಡ್ಡಿನಲ್ಲಿ, ಅವನ ತಮ್ಮ ಮೋಹನ್‌ಬಾಬುವಿನ ಹೆಂಡತಿ ಕವಿತಳ ಬಲಗೈ ಗೂಡು ಬೇಯಿಸುವ ಬಾಣಲೆಯಲ್ಲಿ ಮೊಣಕೈವರೆಗೆ ಬೆಂದಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವಳು ಪೊಲೀಸರ ಮುಂದೆ, ಗಂಡನೇ ಹಿಡಿದು ಅದ್ದಿದ ಎಂದು ಹೇಳಿಕೆ ಕೊಟ್ಟಿದ್ದಳು. ಜಾರಿ ಬಿದ್ದದ್ದು ಎನ್ನುತ್ತಿದ್ದ ಮೋಹನ್. ಆ ಹೊತ್ತಿಗೆ ಶೆಡ್ಡಿನಲ್ಲಿದ್ದ ಮೂರನೆಯವಳು ಅವರ ತಂಗಿ ತನುಜ ಒಬ್ಬಳೇ. ಇವತ್ತು ಪೊಲೀಸರು ಜಾಗ ನೋಡಿ ಮಹಜರು ಬರೆಯಲು ಬರುವವರಿದ್ದರು. ತಂಗಿ ಏನು ಹೇಳುತ್ತಾಳೋ ಅದರ ಮೇಲೆ ಅಣ್ಣ ಜೈಲಿಗೋ ಮನೆಗೋ ಎಂದು ವಕೀಲರು ಹೇಳಿ ಕಳಿಸಿದ್ದರು.

“ಎರಡೂ ಒಂದೇ ಅಲ್ವಾ ದೊಡ್ಡಣ್ಣ? ಕೋಪ, ಟೆಂಪರ್ರು?” ಎಂದು ತನುಜ ಮೆಲ್ಲಗೆ ಕೇಳಿದಳು.

ಅವಳು ಪ್ರಶ್ನೆ ಕೇಳಿದ್ದೇ ರಮೇಶ್‌ಬಾಬುಗೆ ಆಶ್ಚರ್ಯ. ಮೇಷ್ಟ್ರ ಉತ್ಸಾಹ ಬಂದುಬಿಟ್ಟಿತು. “ಎಲ್ಲಾದ್ರೂ ಉಂಟಾ? ಕೋಪ ನಾವು ಮಾಡ್ಕೊಳ್ಳೋದು. ಟೆಂಪರ್ ಹಂಗಲ್ಲ ಕಣಮ್ಮ. ಇಂಗ್ಲಿಷ್‌ನಲ್ಲಿ ‘ಹಿ ಲಾಸ್ಟ್ ಹಿಸ್ ಟೆಂಪರ್’ ಅಂತಾರೆ. ಲಾಸ್ಟ್ ಅಂದ್ರೆ ಕಳ್ಕೊಂಡ ಅಂತ. ಕಳ್ಕೊಂಡೋನ್ನ ಯಾರಾದ್ರೂ ಜೈಲಿಗೆ ಹಾಕ್ತಾರಾ?”

“ಮೊಬೈಲು ಕಳ್ಕೊಂಡಂಗಾ?”

“ಹೂಂ, ಹಂಗೇ ಅಂದ್ಕೋ.”

“ಎಂಟ್ನೇ ಕ್ಲಾಸಿಗೆ ಬಿಟ್ಟೋಳಿಗೆ ಅದೆಲ್ಲ ಯಾಕೋ?” ಎಂದ ಜಗಲಿಯಲ್ಲಿ ಕೂತಿದ್ದ ಅಪ್ಪ ನರಸಿಂಹಪ್ಪ. “ಹೇಳ್ಕೊಟ್ಟಿದ್ದು ಹೇಳಿದ್ರೆ ಸಾಕು.”

ಆ ಪದವನ್ನು ತನುಜ ಶಾಲೆಯಲ್ಲಿ ಕಲಿತದ್ದಲ್ಲ. ಅವಳು ಚಿಕ್ಕವಳಿದ್ದಾಗ ಅಮ್ಮ ರಾಮಲಕ್ಷ್ಮಮ್ಮ, “ನಮ್ಮ ಮೋಹನಂಗೆ ಮೂಗಿನ ತುದೀಲೇ ಕೋಪ” ಎನ್ನುತ್ತಿದ್ದಳು. ರಮೇಶ್‌ಬಾಬು ಬಿ.ಎಡ್. ಮುಗಿಸಿ ಬಂದ ವರ್ಷ ಆ ಇಂಗ್ಲಿಷ್ ಪದ ಮನೆಯೊಳಗೆ ಬಂತು. ಬಂದದ್ದೇ ಎಲ್ಲರಿಗೂ ಹಿಡಿಸಿತು. ನೆಂಟರು ಬಂದರೆ ಅಮ್ಮ ಕಾಫಿ ಕೊಡುತ್ತಾ, “ನಮ್ಮನೆಯೋರಿಗೆ ಶುಗರ್ರು, ನಂಗೆ ಬೀಪಿ, ಮೋಹನಂಗೆ ಟೆಂಪರ್ರು” ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ನೆಂಟರು ಅಯ್ಯೋ ಪಾಪ ಎನ್ನುತ್ತಿದ್ದರು. ಮದುವೆಯಾಗಿ ನಗರಗೆರೆಯಿಂದ ಬಂದ ಕವಿತಳಿಗೂ ಮೊದಲ ವಾರವೇ ಅದನ್ನು ಹೇಳಿಕೊಟ್ಟರು. ಶುಗರ್ ಇದ್ದವರಿಗೆ ಸಿಹಿ ಕೊಡಬಾರದು, ಟೆಂಪರ್ ಇದ್ದವನಿಗೆ ಎದುರು ಮಾತಾಡಬಾರದು.

ಕವಿತ ಎದುರು ಮಾತಾಡಿದಳು. ಮೊದಲ ಸಲ ಮೋಹನ್ ಸ್ಟೀಲ್ ತಟ್ಟೆ ಎಸೆದ. ಪಕ್ಕದಲ್ಲೇ ಇದ್ದ ಗಾಜಿನ ಜಗ್ಗು ಮುಟ್ಟಲಿಲ್ಲ. ಆಮೇಲೆ ಕೈ, ಆಮೇಲೆ ಗ್ಯಾಸಿನ ಹಳೇ ಪೈಪು. ಬೆನ್ನಿಗೆ, ತೊಡೆಗೆ, ಸೀರೆ ಮುಚ್ಚುವ ಕಡೆಯೇ ಬಾರಿಸುತ್ತಿದ್ದ. ಯುಗಾದಿಯ ಮಾರನೇ ದಿನ ಕಿಟಕಿ ಹಾಕಿ ಬಂದು, “ತನೂ, ಟೀವಿ ಸೌಂಡು ಸ್ವಲ್ಪ ಜಾಸ್ತಿ ಮಾಡು” ಎಂದಿದ್ದ. ಅವಳು ಮಾಡಿದ್ದಳು. ಧಾರಾವಾಹಿಯಲ್ಲಿ ಯಾರೋ ನಗುತ್ತಿದ್ದರು. ಒಳಗೆ ಪೈಪು ಬೀಳುವ ಸದ್ದು ಆ ನಗುವಿನ ಸಂದಿಯಲ್ಲಿ ಕೇಳುತ್ತಿತ್ತು. ರಿಮೋಟು ಹಿಡಿದ ಕೈ ಬೆವೆತು, ಅದನ್ನು ಲಂಗಕ್ಕೆ ಒರೆಸಿ ಒರೆಸಿ ಇಟ್ಟುಕೊಂಡಿದ್ದಳು. ಅದೇ ತಿಂಗಳು ಗೂಡಿನ ಮಾರುಕಟ್ಟೆಯಲ್ಲಿ ಗಟ್ಟಿ ಆಳೊಬ್ಬ ಎಲ್ಲರೆದುರು ಮೋಹನನ ಕಾಲರ್ ಹಿಡಿದು ಜಗ್ಗಿದ್ದ. ಮೋಹನ್ ನಕ್ಕು, “ಬಿಡಿ ಅಣ್ಣ, ಹೋಗ್ಲಿ” ಎಂದಿದ್ದ. ಗೂಡಿನ ಚೀಲದ ಹತ್ತಿರ ನಿಂತಿದ್ದ ತನುಜ ಅದನ್ನೂ ನೋಡಿದ್ದಳು. ನೋಡಿದ್ದನ್ನು ಯಾರಿಗೂ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಕೇಳಿದವರೂ ಇರಲಿಲ್ಲ.

ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಮೋಹನ್ ಹಿತ್ತಲಿಗೆ ಬಂದಾಗ ತನುಜ ನೀರಿನ ಡ್ರಮ್ಮಿನ ಹತ್ತಿರ ಚೊಂಬು ತೊಳೆಯುತ್ತಿದ್ದಳು. ಅವನು ಅವಳ ಬಲಗೈ ತೆಗೆದುಕೊಂಡ. ಎಂಟು ವರ್ಷ ಬಿಸಿನೀರಿನಲ್ಲಿ ಎಳೆ ಹುಡುಕಿ ಬೆರಳ ತುದಿಗಳು ಬಿಳಚಿ ಬಿರಿದಿದ್ದವು. ಕಿರುಬೆರಳನ್ನು ಹಿಡಿದು ನಿಧಾನವಾಗಿ ಹಿಂದಕ್ಕೆ ಬಗ್ಗಿಸತೊಡಗಿದ. ಓಣಿಯಲ್ಲಿ ಯಾರೋ ಹೋಗುತ್ತಿದ್ದರು. ಅವರ ಕಡೆ ನೋಡಿ ನಗುತ್ತಲೇ ಇನ್ನೂ ಬಗ್ಗಿಸಿದ.

“ನೋವಾಯ್ತಾ?”

“ಇಲ್ಲ.”

“ನೋವಾದ್ರೆ ಹೇಳ್ಬೇಕು ಕಣಮ್ಮ. ಎಲ್ಲಾದಕ್ಕೂ ಬಾಯಿ ಮುಚ್ಕೊಂಡಿರ್ಬಾರ್ದು.” ಗೆಣ್ಣಿನೊಳಗೆ ಲಟಕ್ಕೆಂದಿತು. ಅವನು ಬೆರಳು ಬಿಟ್ಟು ಅವಳ ತಲೆ ಸವರಿದ. “ಪೆರೇಸಂದ್ರದೋರು ನಿನ್ನ ನೋಡಕ್ಕೆ ಬರ್ತಾರಂತೆ, ಅಮ್ಮ ಹೇಳ್ತಿದ್ಲು. ಅಣ್ಣ ಜೈಲಲ್ಲಿರೋ ಮನೆಗೆ ಯಾರು ಬರ್ತಾರೆ, ಹೇಳು?”

ಹನ್ನೊಂದಕ್ಕೆ ಜೀಪು ಬಂತು. ಸಬ್ ಇನ್‌ಸ್ಪೆಕ್ಟರ್ ಶೋಭಾರಾಣಿ ಇಳಿದಳು. ಜೊತೆಗೆ, ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಪೇದೆ ನಲ್ಲಪ್ಪ. ಪಂಚರಾಗಿ ಇಬ್ಬರನ್ನು ಕರೆಸಿದ್ದರು: ಟೀ ಅಂಗಡಿಯ ಕೋನಪ್ಪ, ಎದುರು ಓಣಿಯಲ್ಲಿ ಸ್ವಂತ ರೇಷ್ಮೆ ಶೆಡ್ಡು ನಡೆಸುವ ಬಾಬಾಜಾನ್.

ಮೂರು ದಿನದಿಂದ ಯಾರೂ ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಸತ್ತ ಹುಳುವಿನ ನಾತ ಮುಖಕ್ಕೆ ಹೊಡೆಯಿತು. ಕೋನಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡ. ಒಲೆ ಆರಿತ್ತು. ಬಾಣಲೆಯ ನೀರು ಕಂದಾಗಿ ಕೆನೆಗಟ್ಟಿತ್ತು. ಅದರ ಪಕ್ಕದ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಅರೆಬೆಂದ ಗೂಡುಗಳು ಒಂದಕ್ಕೊಂದು ಅಂಟಿ ಕಪ್ಪಾಗಿ ಬಿದ್ದಿದ್ದವು. ಮೇಲೆ ನೊಣ.

“ಯಾರ್ಯಾರು ಎಲ್ಲೆಲ್ಲಿದ್ರಮ್ಮ?” ಎಂದಳು ಶೋಭಾರಾಣಿ.

ತನುಜ ಬಾಯಿ ತೆರೆದಳು. ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದ ಮಾತು ಬರಲಿಲ್ಲ. ನಲ್ಲಪ್ಪನ ಮೊಬೈಲು ಅವಳ ಮುಖದ ಮುಂದೆಯೇ ಇತ್ತು.

“ಹೇಳಮ್ಮ, ಅಣ್ಣಂಗೆ ಟೆಂಪರ್...” ಎಂದ ಹಿಂದಿನಿಂದ ರಮೇಶ್‌ಬಾಬು.

“ಮೇಷ್ಟ್ರೇ, ಕಾಪಿ ಹೊಡ್ಸೋದೆಲ್ಲ ನಿಮ್ಮ ಸ್ಕೂಲಲ್ಲಿ ಇಟ್ಕೊಳ್ಳಿ. ಏನದು ಟೆಂಪರ್ರು?”

ಮೋಹನ್ ಕೈಮುಗಿದು ಮುಂದೆ ಬಂದ. “ನಂಗೇ ಮೇಡಂ. ಸಣ್ಣೋನಿದ್ದಾಗಿಂದ ಇದೆ. ನನ್ನ ಹೆಂಡ್ತಿ ತವರಿಗೆ ಹೋಗೇ ಹೋಗ್ತೀನಿ ಅಂತ ಹಟ ಮಾಡಿದ್ಲು, ಟೆಂಪರ್ ಬಂತು. ಬಂದಾಗ ಕಣ್ಣು ಕತ್ಲೆ ಆಗೋಗ್ತದೆ. ಏನ್ ಮಾಡ್ತೀನೋ ನಂಗೇ ಗೊತ್ತಾಗಲ್ಲ. ತಳ್ಳಿರ್ಬೋದು. ಆಮೇಲೆ ನೋಡಿದ್ರೆ ಹಿಂಗಾಗಿದೆ.” ಅವನ ಕಣ್ಣಲ್ಲಿ ನೀರಿತ್ತು. ಕೋನಪ್ಪ ನಾಲಿಗೆ ಲೊಚಗುಟ್ಟಿದ.

ಶೋಭಾರಾಣಿ ತನುಜಳ ಕಡೆ ತಿರುಗಿದಳು. “ಹೇಳಕ್ಕಾಗ್ದಿದ್ರೆ ಬಿಡಮ್ಮ, ತೋರ್ಸು. ನೀನೇ ನಿಮ್ಮಣ್ಣ ಅಂತ ಅಂದ್ಕೋ. ಮೊದ್ಲು ಎಲ್ಲಿದ್ದ?”

ತೋರಿಸುವುದು ಬೇರೆ. ಅದಕ್ಕೆ ಮಾತು ಬೇಡ. ತನುಜ ಬಾಗಿಲ ಹತ್ತಿರ ಹೋಗಿ ನಿಂತಳು. ಬಾಗಿಲು ಮುಂದೆ ಮಾಡಿ ಚಿಲಕ ಹಾಕುವಂತೆ ಮಾಡಿದಳು. ಗೋಡೆಯ ಹತ್ತಿರ ನಡೆದು ನೂಲಿನ ಮೋಟರಿನ ಸ್ವಿಚ್ಚು ಆಫ್ ಮಾಡಿದಳು. ಮೊಳೆಗೆ ನೇತುಹಾಕಿದ್ದ ತೂತಿನ ಸೌಟು ತೆಗೆದುಕೊಂಡಳು. ಬಾಣಲೆಯೊಳಗೆ ಮುಳುಗಿಸಿ, ಎತ್ತಿ, ಸೋರಿಸಿ, ನೀಲಿ ಟಬ್ಬಿಗೆ ಬಗ್ಗಿಸಿದಳು. ಸೌಟಿನಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ಮುಳುಗಿಸಿದಳು. ಇನ್ನೊಮ್ಮೆ. ಮೋಹನ್ ಎಷ್ಟು ಸಲ ಮಾಡಿದ್ದನೋ ಅಷ್ಟೂ ಸಲ ಮಾಡಿದಳು. ಕೊನೆಗೆ ಬಾಣಲೆಯ ಮೂಲೆಯಲ್ಲಿ ಉಳಿದ ಒಂದೆರಡನ್ನು ಹುಡುಕಿ ತೆಗೆಯುವಂತೆ ಸೌಟನ್ನು ಸುತ್ತ ಆಡಿಸಿದಳು. ಸೌಟು ಮೊಳೆಗೆ ಹಾಕಿ, ಕೈಯೊರೆಸಿಕೊಂಡಳು.

ಆಮೇಲೆ ಕವಿತ ಕೂರುತ್ತಿದ್ದ ಮಣೆಯ ಹಿಂದೆ ನಿಂತು, ಎಡಗೈಯಲ್ಲಿ ಗಾಳಿಯ ಜುಟ್ಟು ಹಿಡಿದಳು. ಬಲಗೈಯಲ್ಲಿ ಗಾಳಿಯ ಮುಂಗೈ ಹಿಡಿದು ಬಾಣಲೆಯೊಳಗೆ ತುಂಬಿದಳು. ಬಿಡಲಿಲ್ಲ. ಕೆನೆ ಒಡೆದ ನೀರು ಅವಳ ಮೊಣಕೈ ಮುಟ್ಟಿತು. ತುಟಿ ಎಣಿಸುತ್ತಿತ್ತು. ನಲ್ಲಪ್ಪ ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಹದಿನಾಲ್ಕಕ್ಕೆ ಅವಳು ಕೈ ತೆಗೆದಳು.

ಶೋಭಾರಾಣಿ ಟಬ್ಬಿನ ಕಡೆ ನೋಡುತ್ತಾ, “ಬಾಬಾಜಾನ್ ಅವ್ರೇ, ನಿಮಗೆ ಈ ಕೆಲಸ ಗೊತ್ತಲ್ಲ. ಗೂಡು ಯಾಕೆ ಆಚೆ ತೆಗೀತಾರೆ?” ಎಂದಳು.

ಕೆಲಸದ ಮಾತು ಕೇಳಿದ್ದಕ್ಕೆ ಬಾಬಾಜಾನ್ ಸರಾಗವಾಗಿಯೇ ಹೇಳಿದ: “ಜಾಸ್ತಿ ಬೆಂದ್ರೆ ಎಳೆ ನಿಲ್ಲಲ್ಲ ಮೇಡಂ. ಪೂರಾ ಹಾಳಾಗೋಗ್ತದೆ. ಮಧ್ಯದಲ್ಲಿ ಬೇರೆ ಏನಾದ್ರೂ ಕೆಲಸ ಬಂತು ಅಂದ್ರೆ ತೆಗೆದಿಟ್ಟು...” ಅಲ್ಲಿಗೆ ನಿಂತುಬಿಟ್ಟ. ಗಡ್ಡದ ಮೇಲಿದ್ದ ಕೈ ಹಾಗೇ ಇತ್ತು. “ಯಾ ಅಲ್ಲಾ,” ಎಂದ ಗಂಟಲಲ್ಲೇ.

“ತನೂಗೆ ಸ್ವಲ್ಪ ತಲೆ ಸರಿ ಇಲ್ಲ ಮೇಡಂ,” ಎಂದ ಮೋಹನ್. ದನಿ ಏರಿರಲಿಲ್ಲ. ಮುಗಿದ ಕೈ ಮುಗಿದೇ ಇತ್ತು.

“ಟೆಂಪರ್ ಅಂತ ಬರ್ಕೊಳ್ಳಲಾ ಮೇಡಂ?” ಎಂದು ನಲ್ಲಪ್ಪ ಕೇಳಿದ.

“ಬೇಡ. ನೋಡಿದ್ದು ಬರ್ಕೊಳ್ರಿ. ಬಾಗಿಲು, ಮೋಟರು, ಸೌಟು. ಒಂದೂ ಬಿಡ್ಬೇಡಿ.”

ರಾಮಲಕ್ಷ್ಮಮ್ಮ ಎಲ್ಲಿದ್ದಳೋ, ಜನರನ್ನು ತಳ್ಳಿಕೊಂಡು ನುಗ್ಗಿದಳು. ಸಿಟ್ಟು ಬಂದರೆ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು. “ನೀ ನೋರು ಪಡಿಪೋನು! ನಿನ್ನ ಬಾಯಿ ಬಿದ್ದೋಗ!” ಎಂದು ಕಿರುಚಿ, ಮೊಳೆಯಿಂದ ಸೌಟು ಕಿತ್ತು ಮಗಳ ತಲೆಗೆ ಬೀಸಿದಳು. “ಒಡಹುಟ್ಟಿದೋನ್ನೇ ತಿಂದ್‌ಬಿಟ್ಯಲ್ಲೇ!” ಎರಡನೇ ಏಟಿಗೆ ಹಣೆ ಒಡೆಯಿತು. ಪೊಲೀಸರಿದ್ದಾರೆ ಎಂದಾಗಲಿ, ಮೊಬೈಲು ಓಡುತ್ತಿದೆ ಎಂದಾಗಲಿ, ತನ್ನ ಸೆರಗು ಜಾರಿ ನೆಲಕ್ಕೆ ಬಿದ್ದಿದೆ ಎಂದಾಗಲಿ ಅವಳಿಗೆ ಗೊತ್ತೇ ಇರಲಿಲ್ಲ. ಸೌಟು ಹಿಡಿದ ಕೈ ಗೋಡೆಗೆ ತಗುಲಿ ಅವಳ ಬಳೆಯೇ ಚೂರಾಗಿ ಅವಳ ಕೈಯಲ್ಲೇ ನಾಟಿತು. ಬಾಣಲೆ ಉರುಳಿ ನೀರೆಲ್ಲ ಕಾಲಿಗೆ ಬಂತು. ಶೋಭಾರಾಣಿ ಹಿಂದಿನಿಂದ ತಬ್ಬಿ ಹಿಡಿಯುವವರೆಗೆ ಹೊಡೆಯುತ್ತಲೇ ಇದ್ದಳು. ಹಿಡಿದ ಮೇಲೆ ಅಲ್ಲೇ ಕುಸಿದು, ಮಗಳ ರಕ್ತ ಕಂಡು, ಅದು ಎಲ್ಲಿಂದ ಬಂತೆಂದು ತಿಳಿಯದವಳಂತೆ ತನ್ನ ಸೆರಗಿನಿಂದಲೇ ಒರೆಸಲು ಬಂದಳು. ತನುಜ ಮುಖ ಕೊಟ್ಟಳು. ನಲ್ಲಪ್ಪ ಕರೆದಾಗ ಮೋಹನ್ ಶರಟಿಗೆ ಸಿಡಿದ ನೀರನ್ನು ಕೊಡವಿಕೊಂಡು ಜೀಪಿನ ಕಡೆ ನಡೆದ.

“ಇವಳೂ ಹೋಗ್ಲಿ,” ಎಂದ ನರಸಿಂಹಪ್ಪ ಮಗಳ ಕಡೆ ನೋಡದೆ. “ಇವಳಿಗೆ ಈ ಮನೇಲಿ ತಟ್ಟೆ ಹಾಕಲ್ಲ.”

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹಣೆಗೆ ನಾಲ್ಕು ಹೊಲಿಗೆ ಹಾಕಿದರು. ಹಾಕಿಸಿಕೊಂಡು ತನುಜ, ಕೇಳಿ ಕೇಳಿ, ಸುಟ್ಟಗಾಯದ ವಾರ್ಡಿಗೆ ಹೋದಳು. ಕವಿತಳ ತಾಯಿ ಮಂಗಮ್ಮ ಔಷಧಿ ತರಲು ಕೆಳಗಿಳಿದಿದ್ದಳು. ಕವಿತಳ ಬಲಗೈಯನ್ನು ಬಟ್ಟೆ ಸುತ್ತಿ ಕಂಬಿಗೆ ಎತ್ತಿ ಕಟ್ಟಿದ್ದರು. ಎದುರಿಗೆ ಮಧ್ಯಾಹ್ನದ ತಟ್ಟೆ ಹಾಗೇ ಇತ್ತು.

“ಅವ್ನಾ ಹೊಡ್ದಿದ್ದು?” ಎಂದಳು ಹಣೆ ನೋಡಿ.

“ಅಲ್ಲ. ಅಮ್ಮ.”

“ಪೊಲೀಸ್ನೋರಿಗೆ ಏನಂದೆ?”

“ಏನೂ ಅನ್ಲಿಲ್ಲ ಅತ್ತಿಗೆ.”

ಕವಿತ ಗೋಡೆ ಕಡೆ ಮುಖ ತಿರುಗಿಸಿದಳು. ಪಕ್ಕದ ಮಂಚದ ಹೆಂಗಸು ನರಳುತ್ತಿದ್ದಳು. ತನುಜ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, “ತೋರ್ಸಿದೆ,” ಎಂದಳು.

“ಏನನ್ನ?”

“ಗೂಡು ತೆಗ್ದಿದ್ದು. ಎಲ್ಲಾ.”

ಗೋಡೆ ಕಡೆಗಿದ್ದ ಮುಖ ತಿರುಗಲಿಲ್ಲ. ಹೊದಿಕೆಯ ಕೆಳಗೆ ಬೆನ್ನು ಏರಿ ಇಳಿಯುವುದು ಮಾತ್ರ ಕಾಣುತ್ತಿತ್ತು. ತನುಜ ಮಂಚದ ಅಂಚಿಗೆ ಕೂತಳು. ಬಾತ ಕಿರುಬೆರಳನ್ನು ಆಚೆಗಿಟ್ಟುಕೊಂಡು ಉಳಿದ ಬೆರಳುಗಳಲ್ಲೇ ಅನ್ನ ಸಾರು ಕಲಸಿದಳು. ಸ್ವಲ್ಪ ಹೊತ್ತಿನ ಮೇಲೆ ಕವಿತ ಈ ಕಡೆ ಹೊರಳಿ ಬಾಯಿ ತೆರೆದಳು. ತನುಜ ತುತ್ತನ್ನು ಊದಿ, ತನ್ನ ತುಟಿಗೆ ಮುಟ್ಟಿಸಿ ನೋಡಿದಳು.

“ಯಾವಾಗ್ಲೋ ಆರೋಗಿದೆ ಕಣೇ,” ಎಂದಳು ಕವಿತ. “ಕೊಡು.”

ತನುಜ ಇನ್ನೊಮ್ಮೆ ಊದಿದಳು.