ಬಿಳುಪಿನ ಪಾಠ

ಹಿಮಬೆಟ್ಟಗಳ ನಡುವಿನ ನಮ್ಮ ನಾರಿನ್ ಪೇಟೆಯಲ್ಲಿ ನನ್ನನ್ನು ಹೊಗಳುವವರು ಈಗಲೂ ಇದ್ದಾರೆ. ಎಸೆನ್‌ಗುಲ್ ಉಸ್ತಾದ್ ತೆಗೆದ ಚಿತ್ರವೆಂದರೆ ಮುಖ ಎದ್ದು ಕಾಣುತ್ತದೆ ಅನ್ನುತ್ತಾರೆ. ಅನ್ನಲಿ. ಹೊಗಳಿಸಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದ್ದು ಬೇರೆ ಇದೆ, ಅದನ್ನು ಹೇಳಿಬಿಡುತ್ತೇನೆ.

ನನ್ನಮ್ಮ ಉಮ್ಸುನಾಯ್ ಇಪ್ಪತ್ತೆರಡು ವರ್ಷ ನನ್ನ ಕ್ಯಾಮೆರಾದ ಮುಂದೆ ಕೂರಲಿಲ್ಲ. ಕಾರಣ ನಾನೇ. ಅಪ್ಪ ಸತ್ತಾಗ, ಹೆಣವಿಟ್ಟ ಉಣ್ಣೆಯ ಗುಡಾರದ ಹೊರಗೆ ನಾನೂ ದಾಯಾದಿಗಳೂ ಸೊಂಟಕ್ಕೆ ಪಟ್ಟಿ ಬಿಗಿದು, ಕೋಲೂರಿ ಬಗ್ಗಿ ನಿಂತು, ಬಂದವರಿಗೆಲ್ಲ ಕೇಳುವಂತೆ ಗೋಳಾಡುತ್ತಿದ್ದೆವು. ಮಗನಾದವನು ಮಾಡಲೇಬೇಕಾದ ಕೆಲಸ ಅದು. ಸಂಜೆಯ ಬಿಸಿಲು ಓರೆಯಾಗಿ ಬಿತ್ತು ನೋಡಿ, ಕುದುರೆಗಳ ಮೇಲೆ ಬರುತ್ತಿದ್ದ ಮುದುಕರ ಮುಖಗಳ ಮೇಲೆ. ಅಬ್ಬಾ, ಎಂಥಾ ಬೆಳಕು! ಕೋಲನ್ನು ಗುಡಾರಕ್ಕೆ ಒರಗಿಸಿ ಕ್ಯಾಮೆರಾ ಎತ್ತಿಕೊಂಡೆ. ಮೂರು ಚಿತ್ರ ತೆಗೆಯುವಷ್ಟರಲ್ಲಿ ಅಮ್ಮ ಒಳಗಿನಿಂದ ನೋಡಿಬಿಟ್ಟಳು.

"ಅಪ್ಪನಿಗೋಸ್ಕರ ಕೋಲು ಹಿಡಿಯೋ ಕೈಯಲ್ಲಿ ಆ ಡಬ್ಬಿ ಹಿಡ್ಕೊಂಡ್ಯೇನೋ?" ಅಂದಳು. "ಹಿಡ್ಕೋ. ನನ್ನ ಮುಖ ಮಾತ್ರ ಅದರೊಳಗೆ ಹಾಕ್ಬೇಡ."

ಆಮೇಲೆ ಒಂದೇ ಮನೆ, ಒಂದೇ ಚಹಾ, ಒಂದೇ ರೊಟ್ಟಿ. ಆದರೆ ನಾನು ಕ್ಯಾಮೆರಾ ಎತ್ತಿದರೆ ಸಾಕು, ಗೋಡೆಯ ಕಡೆ ತಿರುಗುತ್ತಿದ್ದಳು. ಊರಿನ ಎಲ್ಲರ ಮುಖವೂ ನನ್ನ ಹತ್ತಿರ ಇತ್ತು, ಹೆತ್ತವಳದ್ದು ಬಿಟ್ಟು. ನನಗೆ ಬೇಕಾಗಿದ್ದದ್ದು ಅದೊಂದೇ. ಅವಳು ಒಂದು ಸಲ ನನ್ನ ಕಡೆ ನೇರವಾಗಿ ನೋಡಬೇಕು, ನಾನು ಗುಂಡಿ ಒತ್ತಬೇಕು. ಕ್ಷಮಿಸಿದೆ ಅಂತ ಬಾಯಲ್ಲಿ ಹೇಳದಿದ್ದರೂ ಪರವಾಗಿರಲಿಲ್ಲ.

ತೊಂಬತ್ತಾರನೆಯ ಇಸವಿಯಲ್ಲಿ ಜಿಪಾರ್ ಕಲಿಯಲು ಬಂದಳು. ಮೂವತ್ತು ದಾಟಿದವಳು, ಅಂಚೆ ಕಚೇರಿಯ ಕೆಲಸ ಹೋಗಿತ್ತು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಾನು ಮೂರು ಪಾಠ ಹೇಳಿಕೊಟ್ಟೆ.

"ಕೊಳಾಯಿ ಕೆಳಗೆ ಬಕೆಟ್ ಇಟ್ಟಿದೀಯ, ನೀರೇ ಬೆಳಕು ಅಂದ್ಕೋ. ಕೊಳಾಯಿ ಎಷ್ಟು ತಿರುಗಿಸ್ತೀಯೋ ಅದು ಲೆನ್ಸಿನ ಕಿಂಡಿ. ಎಷ್ಟು ಹೊತ್ತು ಬಿಡ್ತೀಯೋ ಅದು ವೇಳೆ. ಬಕೆಟ್ ದೊಡ್ಡದೋ ಚಿಕ್ಕದೋ ಅನ್ನೋದು ಫಿಲ್ಮು. ತುಂಬಬೇಕು, ಚೆಲ್ಲಬಾರದು. ಕಿಂಡಿ ದೊಡ್ಡದು ಮಾಡಿದ್ರೆ ವೇಳೆ ಕಮ್ಮಿ ಮಾಡು. ಅಷ್ಟೇ ಕಣೇ."

"ತುಂಬಿತು ಅಂತ ಗೊತ್ತಾಗೋದು ಹೇಗೆ ಉಸ್ತಾದ್? ಕ್ಯಾಮೆರಾ ಒಳಗೆ ಕೈ ಹಾಕಿ ನೋಡ್ಲಾ?"

"ಕ್ಯಾಮೆರಾದಲ್ಲಿ ಬೆಳಕು ಅಳೆಯೋ ಮುಳ್ಳು ಕಾಣ್ತದಲ್ಲ, ಅದು ನಡುವೆ ನಿಂತರೆ ತುಂಬಿತು ಅಂತ."

ಇಷ್ಟೂ ನಿಜ. ನಾಲ್ಕನೆಯ ಪಾಠವನ್ನು ನುಂಗಿಕೊಂಡೆ. ಮುಳ್ಳಿಗೆ ಬುದ್ಧಿಯಿಲ್ಲ, ಅದಕ್ಕೆ ಲೋಕವೆಲ್ಲ ಬೂದಿಯ ಬಣ್ಣ. ಹಿಮ ತೋರಿಸಿದರೆ, ಅಯ್ಯೋ ಬೆಳಕು ಹೆಚ್ಚಾಯಿತು, ಮುಚ್ಚು ಮುಚ್ಚು ಅನ್ನುತ್ತದೆ. ಅದರ ಮಾತು ಕೇಳಿದರೆ ಹಿಮ ಬೂದಿಯಾಗುತ್ತದೆ, ಹಿಮದ ಮುಂದೆ ನಿಂತವರ ಮುಖ ಇದ್ದಿಲಾಗುತ್ತದೆ. ಬಿಳುಪಿನ ಎದುರು ಮುಳ್ಳಿನ ಮಾತು ಮೀರಿ ಕಿಂಡಿಯನ್ನು ಎರಡು ಮೆಟ್ಟಿಲು ಹೆಚ್ಚು ತೆರೆಯಬೇಕು. ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಊರಿನಲ್ಲಿ ನನ್ನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಈ ಒಂದು ಗುಟ್ಟಿನಿಂದ. ಅದನ್ನೂ ಕೊಟ್ಟರೆ ನಾಳೆ ಇವಳು ನನ್ನ ಎದುರಿಗೇ ಅಂಗಡಿ ಹಾಕುತ್ತಾಳೆ, ಅಂದುಕೊಂಡೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ಅಮ್ಮ ಪೆಟ್ಟಿಗೆ ತೆಗೆದು ಎಲೆಚೆಕ್ ಸುತ್ತಿಕೊಳ್ಳಲು ಶುರುಮಾಡಿದಳು. ಹಳೆಯ ಕಾಲದ ಹೆಂಗಸರು ತಲೆಗೆ ಸುತ್ತುವ ದೊಡ್ಡ ಬಿಳಿ ಪೇಟ ಅದು. ಚಿತ್ರಕ್ಕೆ ಕೂರಲೆಂದೇ ಇರಬೇಕು ಅಂದುಕೊಂಡೆ.

"ನಿಮ್ಮಪ್ಪನ ಗೋರಿಕಲ್ಲಿನ ಮೇಲೆ ಚಿತ್ರ ನೋಡಿ ಅವನ ಮುಖ ಕೊರೆದಿದ್ದಾರೆ, ಪಕ್ಕದಲ್ಲಿ ನನ್ನದೂ ಬೇಕು. ಹೋಗೋ ಕಾಲ ಬಂತು," ಅಂದಳು. ನಾನು ಕ್ಯಾಮೆರಾ ತರಲು ಎದ್ದೆ. "ನೀನಲ್ಲ. ಆ ಹುಡುಗಿ ತೆಗೀಲಿ. ನೀನು ಅಂಗಳದಲ್ಲೂ ಇರಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಕಾದವನು ನಾನು, ಮೊನ್ನೆ ಬಂದವಳಿಗೆ ಮುಖ ತೋರಿಸುತ್ತಾಳಂತೆ! ಅಂಗಳದ ತುಂಬ ಹಿಮ, ಅದರ ಮೇಲೆ ಬಿಳಿ ಉಣ್ಣೆಹಾಸು, ತಲೆಯ ಮೇಲೆ ಬಿಳಿ ಎಲೆಚೆಕ್. ಸಾಲದ್ದಕ್ಕೆ ಪೊರೆ ಬಂದ ಕಣ್ಣಿಗೆ ಬಿಸಿಲು ಚುಚ್ಚುತ್ತದೆಂದು ಅಮ್ಮ ಸೂರ್ಯನಿಗೆ ಬೆನ್ನು ಹಾಕಿ ಕುಳಿತಳು. ಜಿಪಾರ್ ಕ್ಯಾಮೆರಾ ಹಿಡಿದು ಬಾಗಿಲ ಹತ್ತಿರ ಬಂದಳು.

"ಉಸ್ತಾದ್, ಎಲ್ಲಾ ಬೆಳ್ಳಗಿದೆಯಲ್ಲ. ಮುಳ್ಳು ನಡುವೆ ನಿಲ್ಸಿದ್ರೆ ಸಾಕಾ?"

ಅವಳು ಕೇಳಿದಳು. ಕೇಳಲಿಲ್ಲ ಅಂತ ನಾನು ಹೇಳುವಂತಿಲ್ಲ.

"ಸಾಕು," ಅಂದೆ. "ಮುಳ್ಳು ಸುಳ್ಳು ಹೇಳಲ್ಲ."

ನನ್ನ ಲೆಕ್ಕ ನೆಟ್ಟಗಿತ್ತು. ಚಿತ್ರ ಕೆಡುತ್ತದೆ, ಅಮ್ಮನಿಗೆ ಕಲ್ಲಿಗೆ ಮುಖ ಬೇಕೇಬೇಕು, ಬೇರೆ ದಾರಿಯಿಲ್ಲದೆ ನನ್ನ ಮುಂದೆ ಬಂದು ಕೂರುತ್ತಾಳೆ. ಒಳಗೆ ಹೋಗಿ ಚಹಾ ಬಗ್ಗಿಸಿಕೊಂಡೆ. ಎರಡು ಸಲ ಕ್ಲಿಕ್ ಅಂದದ್ದು ಕೇಳಿಸಿತು. ಆಮೇಲೆ ಅಮ್ಮ ಏನೋ ಹೇಳಿದ್ದು, ಇಬ್ಬರೂ ನಕ್ಕದ್ದು.

ಫಿಲ್ಮಿನ ಸುರುಳಿ ತುಂಬದೆ ತೊಳೆಯುವ ಪದ್ಧತಿ ನಮ್ಮಲ್ಲಿಲ್ಲ. ಆ ದಿನಗಳಲ್ಲಿ ಫಿಲ್ಮು ಸಿಗುವುದೇ ಕಷ್ಟವಾಗಿತ್ತು. ಇನ್ನೂ ಮೂವತ್ತು ಚಿತ್ರ ಬಾಕಿ ಇವೆ ಅಂತ ಎತ್ತಿಟ್ಟೆ. ಅಮ್ಮ ದಿನ ಬಿಟ್ಟು ದಿನ ಕೇಳತೊಡಗಿದಳು.

"ಬಂತೇನೋ ಚಿತ್ರ?"

"ಸುರುಳಿ ತುಂಬಿಲ್ಲಮ್ಮ."

"ಬೇಗ ತುಂಬಿಸೋ. ನಾನು ನೋಡ್ಬೇಕು."

ಎಂಬತ್ತನಾಲ್ಕರ ವಯಸ್ಸಿನಲ್ಲಿ ಇವಳಿಗೆಂಥಾ ಶೋಕಿ ಅನ್ನಿಸಿ ಇನ್ನಷ್ಟು ಹೊಟ್ಟೆ ಉರಿಯಿತು. ಬೇಕೆಂದೇ ತಡಮಾಡಿದೆ. ಹದಿನೇಳನೆಯ ದಿನ ಬೆಳಿಗ್ಗೆ ಚಹಾ ಕೊಡಲು ಹೋದರೆ ಅಮ್ಮ ತಣ್ಣಗಾಗಿದ್ದಳು.

ಈ ಸಲ ನಾನು ಕೋಲು ಬಿಡಲಿಲ್ಲ. ಮೂರು ದಿನ ಗುಡಾರದ ಹೊರಗೆ ಬಗ್ಗಿ ನಿಂತು, ಗಂಟಲು ಹರಿಯುವಂತೆ ಅತ್ತೆ. ಎಂಥಾ ಮಗ ಅಂತ ಜನ ತಲೆದೂಗಿದರು. ಥೂ!

ಮಣ್ಣು ಮಾಡಿದ ಮರುದಿನ ಜಿಪಾರ್ ಜೊತೆ ಕತ್ತಲಕೋಣೆಯಲ್ಲಿ ಸುರುಳಿ ತೊಳೆದೆ. ಎಷ್ಟೇ ಕೆಟ್ಟಿದ್ದರೂ ಕಾಗದದ ಮೇಲೆ ಹೇಗಾದರೂ ಎಳೆದು ತೆಗೆಯಬಹುದು ಅನ್ನುವ ಆಸೆಯಿತ್ತು. ಆದರೆ ಆ ಎರಡೂ ನೆಗೆಟಿವ್‌ಗಳಲ್ಲಿ ಮುಖ ಇರಬೇಕಾದ ಜಾಗ ತೊಳೆದ ಗಾಜಿನ ಹಾಗೆ ಖಾಲಿ. ಅಲ್ಲಿ ಕಣ್ಣಿಲ್ಲ, ಬಾಯಿಲ್ಲ. ಕಾಗದಕ್ಕೆ ಇಳಿಸಿದರೆ ಬೂದಿ ಬಣ್ಣದ ಪೇಟದ ಕೆಳಗೆ ಒಂದು ಕಪ್ಪು ಗುಂಡು. ಜಿಪಾರ್ ಬಹಳ ಹೊತ್ತು ನೋಡಿದಳು. ಆಮೇಲೆ ಹೊರಗೆ ಬಂದು ಅಂಗಡಿಯ ಗೋಡೆಯ ಮೇಲೆ ನಾನು ತೂಗುಹಾಕಿದ್ದ ಚಿತ್ರಗಳನ್ನು ನೋಡಿದಳು. ಹಿಮದಲ್ಲಿ ನಿಂತ ಮದುವಣಗಿತ್ತಿಯರು, ಎಲ್ಲರ ಮುಖವೂ ಬೆಳಗುತ್ತಿತ್ತು.

ನಲವತ್ತನೆಯ ದಿನದ ಊಟಕ್ಕೆ ನೆಂಟರೆಲ್ಲ ಸೇರಿದ್ದರು. ಕಲ್ಲಿಗೆ ಚಿತ್ರ ಎಲ್ಲಿ ಅಂತ ಸೋದರತ್ತೆ ಕೇಳಿದಳು. ನನ್ನ ಬಾಯಿಂದ ಬಂದದ್ದು ಇಷ್ಟು: "ಕಲಿಯೋರ ಕೈಗೆ ಕೊಟ್ರೆ ಇನ್ನೇನಾಗ್ತದೆ? ಕೆಡಿಸಿಟ್ಟಳು."

ಅತ್ತೆ ಜಿಪಾರ್ ಕಡೆ ತಿರುಗಿದಳು. "ಅಯ್ಯೋ ನಿನ್ನ ಕೈ ಸೇದಿಹೋಗ! ಮುದುಕಿಯ ಒಂದು ಮುಖ ಉಳಿಸೋಕೆ ಆಗ್ಲಿಲ್ವೇನೇ? ನಿಮ್ಮ ಉಸ್ತಾದ್ ಇಷ್ಟೂ ಹೇಳಿಕೊಟ್ಟಿರಲಿಲ್ವಾ?"

ಜಿಪಾರ್ ನನ್ನನ್ನು ನೋಡಿದಳು. ನಾನು ತಟ್ಟೆಯಲ್ಲಿದ್ದ ಮಾಂಸವನ್ನು ಸಣ್ಣಗೆ ಹೆಚ್ಚತೊಡಗಿದೆ.

"ಹೇಳಿಕೊಟ್ಟಿದ್ರು ಅತ್ತೆ," ಅಂದಳು. "ಹಿಮ ಇದ್ದಾಗ ಬೆಳಕು ಹೆಚ್ಚು ಬಿಡಬೇಕು ಅಂತ ಹೇಳಿಕೊಟ್ಟಿದ್ರು. ನಾನೇ ಮರೆತೆ."

ಚೂರಿ ನನ್ನ ಕೈಯಲ್ಲೇ ನಿಂತಿತು.

ನೆಂಟರು ಹೊರಟ ಮೇಲೆ ಅವಳು ಕ್ಯಾಮೆರಾ ತಂದು ನನ್ನ ಮುಂದಿಟ್ಟಳು. "ಸತ್ತವರ ಊಟದಲ್ಲಿ ಜಗಳ ಬೇಡ ಅಂತ ಸುಳ್ಳು ಹೇಳಿದೆ. ನಿಮ್ಮನ್ನ ಉಳಿಸೋಕಲ್ಲ."

"ಜಿಪಾರ್..."

"ಇದೊಂದು ಕೇಳಿ, ಹೊರಡ್ತೀನಿ. ಅವತ್ತು ಎರಡನೇ ಸಲ ಕ್ಲಿಕ್ ಅಂದ ಮೇಲೆ ಅಜ್ಜಿ ನಕ್ಕರಲ್ಲ, ಏನಂದ್ರು ಗೊತ್ತಾ? 'ಇಷ್ಟೇನಾ? ಚಿತ್ರ ಕೈಗೆ ಬರ್ಲಿ, ನಾನು ಹೇಗೆ ಕಾಣ್ತೀನೋ ನೋಡ್ಕೋತೀನಿ. ಆಮೇಲೆ ಆ ಕತ್ತೆ ಮುಂದೂ ಕೂರ್ತೀನಿ, ಪಾಪ, ಎಷ್ಟು ವರ್ಷ ಅಂತ ಮುಖ ಊದಿಸ್ಕೊಂಡಿರ್ತಾನೆ' ಅಂದ್ರು. 'ಅವನಿಗೆ ನಾನೇ ಹೇಳ್ತೀನಿ, ನೀನು ಬಾಯಿಬಿಡಬೇಡ' ಅಂತ ನನ್ನಿಂದ ಮಾತೂ ತಗೊಂಡ್ರು. ಮತ್ತೆ ಮತ್ತೆ ಚಿತ್ರ ಕೇಳ್ತಿದ್ದದ್ದು ಅದಕ್ಕೇ."

ಅವಳು ಬೂಟು ಹಾಕಿಕೊಂಡು ಹೊರಟುಹೋದಳು. ಆಮೇಲೆ ಕ್ಯಾಮೆರಾ ಮುಟ್ಟಲಿಲ್ಲವಂತೆ. ಈಗ ಬಜಾರಿನಲ್ಲಿ ಉಣ್ಣೆಯ ಕಾಲುಚೀಲ ಮಾರುತ್ತಾಳೆ.

ಅಪ್ಪನ ಕಲ್ಲಿನ ಪಕ್ಕದಲ್ಲಿ ಅಮ್ಮನ ಕಲ್ಲು ನಿಂತಿದೆ. ಅದರ ಮೇಲೆ ಹೆಸರು, ಎರಡು ಇಸವಿ, ಅಷ್ಟೇ. ಫೋಟೋದವನ ತಾಯಿಗೇ ಚಿತ್ರ ಇಲ್ಲವಲ್ಲ ಅಂತ ಯಾರಾದರೂ ಕೇಳುತ್ತಾರೆ. ಕಲಿಯಲು ಬಂದವಳೊಬ್ಬಳು ಕೆಡಿಸಿದಳು ಅನ್ನುತ್ತೇನೆ. ಈಗಲೂ ಹಾಗೇ ಅನ್ನುತ್ತೇನೆ.